ನೀರಿಗೆ ಬೇಕಾದ ಹೊತ್ತು: ಜೋಗದ ಚಿತ್ರವೊಂದನ್ನು ಕೋಡ್‌ನಿಂದ ಹರಿಸಿದ ಪ್ರಕರಣ

ಚಿಕ್ಕಮ್ಮ ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಜೋಗ ಅವರ ಮಕ್ಕಳಿಗೆ ಹೊಸದಲ್ಲ, ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುವ ಜಾಗ. ಆದರೂ ನಾಲ್ಕು ಧಾರೆಗಳಲ್ಲಿ ರಾಜ ಯಾವುದು, ರೋರರ್ ಯಾವುದು, ರಾಕೆಟ್ ಯಾವುದು, ರಾಣಿ ಯಾವುದು ಎಂದರೆ ಅರ್ಧ ತರಗತಿ ಗೊಂದಲಕ್ಕೆ ಬೀಳುತ್ತದಂತೆ. ಒಂದು ಭಾನುವಾರ ಫೋನ್ ಮಾಡಿ, "ನೀನು ವೆಬ್‌ಸೈಟ್ ಮಾಡ್ತೀಯಲ್ಲೇ, ನಂಗೊಂದು ಚಿತ್ರ ಮಾಡಿಕೊಡು. ಮಕ್ಕಳು ಮುಟ್ಟಿದ ಧಾರೆ ಮಾತ್ರ ಬೀಳ್ಬೇಕು, ಅದರ ಹೆಸರು ಕಾಣ್ಬೇಕು. ಅಷ್ಟೇ" ಅಂದರು.

ಆ "ಅಷ್ಟೇ" ಮುಗಿಯಲು ಎರಡೂವರೆ ತಿಂಗಳು ಹಿಡಿಯಿತು. ಬೆಂಗಳೂರಿನ ಕೆಲಸ ಮುಗಿಸಿ ಬಂದ ಸಂಜೆಗಳು, ಶನಿವಾರಗಳು. ನಿಂತ ಚಿತ್ರವೊಂದಕ್ಕೆ ಕೋಡ್‌ನಿಂದ ಚಲನೆ ಕೊಡಲು ಹೊರಟವರಿಗೆ ದಾರಿ ಸ್ವಲ್ಪ ಹಗುರವಾಗಲಿ ಎಂದು ಇದನ್ನು ಮೊದಲಿಂದ ಬರೆಯುತ್ತಿದ್ದೇನೆ. ಬಣ್ಣ, ಬೆಳಕು, ಆಕಾರ ನನ್ನನ್ನು ಹೆಚ್ಚು ಕಾಡಲಿಲ್ಲ. ಕಾಡಿದ್ದು ಸಮಯ. ಎಡವಿದಲ್ಲೆಲ್ಲ ಎಡವಿದ್ದು ಅದೇ ಕಲ್ಲಿಗೆ.

ಕೈಯಲ್ಲಿ ಏನಿತ್ತು

ನಾನೇ ತೆಗೆದ ಎರಡು ಫೋಟೊಗಳಿದ್ದವು. ಒಂದು ಆಗಸ್ಟ್‌ನದು, ನಾಲ್ಕೂ ಧಾರೆ ತುಂಬಿ ಬೀಳುವಾಗಿನದು. ಇನ್ನೊಂದು ಬೇಸಿಗೆಯದು, ಬಂಡೆಯ ಮೇಲೆ ನೂಲಿನಷ್ಟು ನೀರು ಇಳಿಯುವಾಗಿನದು. ಎರಡನ್ನೂ ನಿಂತದ್ದು ಒಂದೇ ಜಾಗದಲ್ಲಿ ಎಂದುಕೊಂಡು ತೆಗೆದಿದ್ದೆ; ಒಂದರ ಮೇಲೊಂದು ಇಟ್ಟರೆ ಬಂಡೆಗಳು ಕೂಡಲಿಲ್ಲ. ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶದಲ್ಲಿ ಎರಡರಲ್ಲೂ ಕಾಣುವ ಕೆಲವು ಬಂಡೆಗಳ ಮೂಲೆಗಳನ್ನು ಗುರುತಿಟ್ಟು, ಒಂದನ್ನು ಎಳೆದು ಬಗ್ಗಿಸಿ ಕೂಡಿಸಬೇಕಾಯಿತು.

ತೋರಿಸಬೇಕಾದ ಪರದೆಗಳು ಎರಡು ಬಗೆ. ಒಂದು ಶಾಲೆಯ ಗೋಡೆಯ ಮೇಲಿನ ಸ್ಮಾರ್ಟ್‌ಬೋರ್ಡ್, 3840×2160ರದ್ದು, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಅಷ್ಟು ದೊಡ್ಡ ಪರದೆಯ ಹಿಂದೆ ಇರುವ ಚಿಪ್ ಮಾತ್ರ ಸಾಧಾರಣ. ಇನ್ನೊಂದು ಮಕ್ಕಳ ಮನೆಯ ಫೋನುಗಳು: ಅಪ್ಪನದೋ ಅಕ್ಕನದೋ, ಹಳೆಯವು, ಹೊಸವು, ಗಾಜು ಒಡೆದವು. ನೆಟ್‌ವರ್ಕ್ ಮಲೆನಾಡಿನದು. ಒಟ್ಟು ಪುಟ ಒಂದು ಎಂಬಿ ದಾಟಬಾರದೆಂದು ಮೊದಲೇ ತೀರ್ಮಾನಿಸಿಕೊಂಡೆ. ವಿಡಿಯೊ ಹಾಕಿಬಿಡುವ ಸುಲಭದ ದಾರಿ ಅಲ್ಲಿಗೇ ಮುಚ್ಚಿತು. ಅಲ್ಲದೆ ವಿಡಿಯೊದಲ್ಲಿ ನಾಲ್ಕೂ ಧಾರೆ ಒಟ್ಟಿಗೇ ಬೀಳುತ್ತವೆ, ಒಂದನ್ನೇ ಬೀಳಿಸಲು ಬರುವುದಿಲ್ಲ.

ಮೊದಲ ರೂಪ

ಮುಟ್ಟುವ ಜಾಗಗಳಿಂದ ಶುರು ಮಾಡಿದೆ. ಚಿತ್ರದ ಮೇಲೆ ಜಾಗ ಗುರುತಿಸಲು ಎಚ್‌ಟಿಎಂಎಲ್‌ನಲ್ಲಿ ಬಹಳ ಹಿಂದಿನಿಂದಲೂ ಇಮೇಜ್ ಮ್ಯಾಪ್ ಇದೆ. ಆದರೆ ಅದರ ಅಂಕಿಗಳು ಪಿಕ್ಸೆಲ್ ಲೆಕ್ಕದವು. ಫೋನಿನಲ್ಲಿ ಚಿತ್ರ ಕುಗ್ಗಿದರೆ ಅವು ಜೊತೆಗೆ ಕುಗ್ಗುವುದಿಲ್ಲ. ರಾಜನನ್ನು ಮುಟ್ಟಿದರೆ ರಾಣಿ ಎನ್ನುವ ಪರಿಸ್ಥಿತಿ. ಹಾಗಾಗಿ ಚಿತ್ರದ ಮೇಲೆ ಎಸ್‌ವಿಜಿಯ, ಅಂದರೆ ಆಕಾರಗಳನ್ನು ಪಿಕ್ಸೆಲ್ ಬದಲು ಗೆರೆಗಳ ಲೆಕ್ಕವಾಗಿ ಬರೆಯುವ ವಿಧಾನದ, ಪಾರದರ್ಶಕ ಪದರ ಹಾಸಿ, ಪ್ರತಿ ಧಾರೆಯ ಸುತ್ತ ಒಂದು ಆಕಾರ ಬರೆದೆ. ಆ ಪದರದ ಅಳತೆಯ ಚೌಕಟ್ಟಾದ ವ್ಯೂಬಾಕ್ಸ್ ಒಂದನ್ನು ಸರಿಯಾಗಿ ಕೊಟ್ಟರೆ ಪರದೆ ಎಷ್ಟೇ ಇರಲಿ, ಆಕಾರಗಳು ಚಿತ್ರದೊಂದಿಗೇ ಹಿಗ್ಗಿ ಕುಗ್ಗುತ್ತವೆ. ಆಕಾರಗಳನ್ನು ಧಾರೆಗಿಂತ ಸಾಕಷ್ಟು ಅಗಲ ಮಾಡಿದೆ. ಮಕ್ಕಳ ಬೆರಳು ಸಣ್ಣದಿದ್ದರೂ ಗುರಿ ಸಡಿಲ, ಮತ್ತು ರಾಕೆಟ್ ಚಿತ್ರದಲ್ಲಿ ಕಡ್ಡಿಯಷ್ಟೇ ಅಗಲ.

ನೀರಿಗೂ ಎಸ್‌ವಿಜಿಯನ್ನೇ ನೆಚ್ಚಿಕೊಂಡೆ. ಅದರಲ್ಲಿ ಟರ್ಬ್ಯುಲೆನ್ಸ್ ಎಂಬ ಫಿಲ್ಟರ್ ಇದೆ. 1980ರ ದಶಕದಲ್ಲಿ ಕೆನ್ ಪರ್ಲಿನ್ ರೂಪಿಸಿದ, 1997ರಲ್ಲಿ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ತಂದುಕೊಟ್ಟ ನಾಯ್ಸ್ ಇದೇ. ಹೊಗೆ, ಮೋಡ, ಅಮೃತಶಿಲೆಯ ಗೆರೆಗಳಂತೆ ಕಾಣುವ ಏರಿಳಿತವನ್ನು ಲೆಕ್ಕದಿಂದಲೇ ಹುಟ್ಟಿಸುತ್ತದೆ. ಇನ್ನೊಂದು ಡಿಸ್‌ಪ್ಲೇಸ್‌ಮೆಂಟ್ ಫಿಲ್ಟರ್. ಒಂದು ಚಿತ್ರದ ಬಣ್ಣವನ್ನು ನೋಡಿಕೊಂಡು ಇನ್ನೊಂದು ಚಿತ್ರದ ಪಿಕ್ಸೆಲ್‌ಗಳನ್ನು ಅತ್ತಿತ್ತ ಸರಿಸುವುದು ಇದರ ಕೆಲಸ. ನಡುಬೂದು ಬಣ್ಣ ಇದ್ದಲ್ಲಿ ಪಿಕ್ಸೆಲ್ ಅಲುಗಬಾರದು, ಬೆಳ್ಳಗಿದ್ದರೆ ಒಂದು ಕಡೆ, ಕಪ್ಪಗಿದ್ದರೆ ಇನ್ನೊಂದು ಕಡೆ ಸರಿಯಬೇಕು.

ನಡುಬೂದು ಇದ್ದಲ್ಲೂ ನನ್ನ ಚಿತ್ರ ಅಲುಗಿತು. ಬಂಡೆ, ಮರ, ಎಲ್ಲವೂ ಒಂದು ಬದಿಗೆ ಸುಮಾರು 11 ಪಿಕ್ಸೆಲ್ ಜರುಗಿ ನಿಂತವು. ಒಂದು ಇಡೀ ಶನಿವಾರ ಹೋಯಿತು. ಕಾರಣ ಇಷ್ಟು: ನಾವು ಬೇರೆ ಹೇಳದಿದ್ದರೆ ಎಸ್‌ವಿಜಿ ಫಿಲ್ಟರುಗಳು ಬಣ್ಣವನ್ನು ಲೀನಿಯರ್ ಲೆಕ್ಕಕ್ಕೆ, ಅಂದರೆ ಬೆಳಕಿನ ನಿಜ ಪ್ರಮಾಣಕ್ಕೆ, ಬದಲಿಸಿಕೊಂಡು ಓದುತ್ತವೆ. ನಾನು 128 (0ರಿಂದ 255ರ ನಡುಮಟ್ಟ) ಎಂದು ಬರೆದ ಬೂದು, ಆ ಲೆಕ್ಕದಲ್ಲಿ 0.5 ಆಗುವ ಬದಲು ಸುಮಾರು 0.216 ಆಗುತ್ತದೆ. ಸರಿಸುವ ಪ್ರಮಾಣ 40 ಇಟ್ಟಿದ್ದೆ, 0.5ರಿಂದ 0.216 ಕಳೆದು 40ರಿಂದ ಗುಣಿಸಿದರೆ ಹನ್ನೊಂದು ಚಿಲ್ಲರೆ. ಫಿಲ್ಟರಿನ ಬಣ್ಣದ ಲೆಕ್ಕ ಪರದೆಯ ಬಣ್ಣಗಳಿಗೆ ಬಳಸುವ ಎಸ್‌ಆರ್‌ಜಿಬಿ ಎಂದು ಒಂದು ಸಾಲು ಬರೆದ ಮೇಲೆ ಬಂಡೆ ತನ್ನ ಜಾಗಕ್ಕೆ ಮರಳಿತು.

ಇದರ ಮೇಲೆ, ಬಿಳಿ ಗೀರುಗಳ ಪಾರದರ್ಶಕ ಪಟ್ಟಿಯೊಂದನ್ನು ಮೇಲಿಂದ ಕೆಳಕ್ಕೆ ಎರಡು ಸೆಕೆಂಡಿನಲ್ಲಿ ಜಾರಿಸಿ, ಮತ್ತೆ ಮೇಲಿಂದ ಶುರು ಮಾಡುವ ಸಿಎಸ್‌ಎಸ್ ಆನಿಮೇಶನ್. ನನ್ನ ಲ್ಯಾಪ್‌ಟಾಪಿನಲ್ಲಿ ಚೆಂದ ಕಂಡಿತು. ಹೆಮ್ಮೆಯಿಂದಲೇ ಕೊಂಡಿ ಕಳಿಸಿದೆ.

ಚಿಕ್ಕಮ್ಮನ ಉತ್ತರ ಸಂಜೆ ಬಂತು. "ಚೆಂದ ಉಂಟು. ಆದ್ರೆ ಇದು ಜೋಗ ಅಲ್ವೇ ಮಾರಾಯ್ತಿ. ನಮ್ಮನೆ ಹಿಂದಿನ ಅಬ್ಬಿ ನೀರಿನ ಹಾಗೆ ಕಾಣ್ತದೆ."

ಫೋಟೊ ಜೋಗದ್ದೇ, ಬಂಡೆ ಜೋಗದ್ದೇ. ಗುಡ್ಡದಿಂದ ಮನೆಗೆ ಹರಿಸಿಕೊಳ್ಳುವ ಸಣ್ಣ ಅಬ್ಬಿ ನೀರು ಎಲ್ಲಿಂದ ಬಂತು?

ಎರಡು ಸೆಕೆಂಡಿನಲ್ಲಿ ಆದ ತಪ್ಪು

ಮೂರು ದಿನ ಬಣ್ಣ ತಿದ್ದಿದೆ, ಗೀರು ತೆಳ್ಳಗೆ ಮಾಡಿದೆ, ಮಂಜು ಸೇರಿಸಿದೆ. ಅಬ್ಬಿ ನೀರು ಅಬ್ಬಿ ನೀರಾಗಿಯೇ ಉಳಿಯಿತು. ಕೊನೆಗೆ ಹಳೆಯ ಫೋನಿನಲ್ಲಿದ್ದ ಜೋಗದ ವಿಡಿಯೊ ತೆಗೆದು, ರಾಜ ಧಾರೆಯ ನೆತ್ತಿಯಲ್ಲಿ ಒಂದು ಬಿಳಿ ಮುದ್ದೆಯನ್ನು ಕಣ್ಣಲ್ಲಿ ಹಿಡಿದು, ಅದು ತಳದ ಮಂಜಿನಲ್ಲಿ ಕರಗುವವರೆಗೆ ಎಣಿಸಿದೆ. ಮತ್ತೆ ಮತ್ತೆ ಎಣಿಸಿದೆ. ಒಂದು ಸಲವೂ ಏಳಕ್ಕಿಂತ ಕಡಿಮೆ ಬರಲಿಲ್ಲ.

ಬರುವಂತೆಯೂ ಇಲ್ಲ. ರಾಜ ಧಾರೆ ಬೀಳುವುದು 253 ಮೀಟರ್. ಗಾಳಿಯೇ ಇಲ್ಲವೆಂದುಕೊಂಡು ಲೆಕ್ಕ ಹಾಕಿದರೂ, ಒಂದು ಕಲ್ಲು ಅಷ್ಟೆತ್ತರದಿಂದ ನೆಲ ಮುಟ್ಟಲು 7.18 ಸೆಕೆಂಡ್ ಬೇಕು. ನಾನು ಅದನ್ನು ಎರಡು ಸೆಕೆಂಡಿನಲ್ಲಿ ಬೀಳಿಸಿದ್ದೆ. ಎರಡು ಸೆಕೆಂಡಿನಲ್ಲಿ ವಸ್ತು ಬೀಳುವ ದೂರ ಸುಮಾರು 20 ಮೀಟರ್, ಆರು ಅಂತಸ್ತಿನ ಕಟ್ಟಡದಷ್ಟು. ಚಿತ್ರದಲ್ಲಿ ಎತ್ತರ ಹೇಳುವ ಬೇರೆ ಗುರುತು ಇರಲಿಲ್ಲ, ಮನುಷ್ಯರಿಲ್ಲ, ಮನೆಯಿಲ್ಲ. ಹಾಗಾಗಿ ನೋಡುವ ಕಣ್ಣು ನೀರಿನ ವೇಗದಿಂದಲೇ ಎತ್ತರ ಅಳೆದುಕೊಂಡಿತು. ಜೋಗದ ಪಕ್ಕದಲ್ಲೇ ಬಾಳಿದ ಚಿಕ್ಕಮ್ಮನ ಕಣ್ಣು ಆ ತಪ್ಪನ್ನು ಒಂದೇ ನೋಟಕ್ಕೆ ಹಿಡಿದಿತ್ತು. ಸಿನಿಮಾದವರಿಗೆ ಇದು ಹಳೆಯ ವಿದ್ಯೆ. ಸಣ್ಣ ಮಾದರಿ ಅಣೆಕಟ್ಟು ಒಡೆಯುವುದನ್ನು ಹೆಚ್ಚು ಫ್ರೇಮ್ ವೇಗದಲ್ಲಿ ಚಿತ್ರೀಕರಿಸಿ ನಿಧಾನಕ್ಕೆ ತೋರಿಸಿದರೆ ಅದು ನಿಜವಾದ ಅಣೆಕಟ್ಟಿನ ಗಾತ್ರಕ್ಕೆ ಬೆಳೆಯುತ್ತದೆ. ನಾನು ಅದಕ್ಕೆ ತದ್ವಿರುದ್ಧ ಮಾಡಿ ಜೋಗವನ್ನು ಕುಗ್ಗಿಸಿದ್ದೆ.

ಹಾಗಾದರೆ ಎರಡನ್ನು ಒಂಬತ್ತು ಮಾಡಿಬಿಡೋಣವೆಂದು ಅಂಕಿ ಬದಲಿಸಿದೆ. ನೀರು ಲಿಫ್ಟ್ ಇಳಿದ ಹಾಗೆ ಇಳಿಯಿತು. ಬೀಳುವ ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ನೆತ್ತಿಯಲ್ಲಿ ಅದು ಇನ್ನೂ ಹರಿವ ಹೊಳೆ, ಮೆಲ್ಲಗೆ ಬಾಗಿ, ಆಮೇಲೆ ವೇಗ ಹಿಡಿಯುತ್ತದೆ. ಲೆಕ್ಕದ ಪ್ರಕಾರ ಒಟ್ಟು ಸಮಯದ ಅರ್ಧದಲ್ಲಿ ಅದು ಇಳಿದಿರುವುದು ಎತ್ತರದ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲನ್ನು ಉಳಿದರ್ಧದಲ್ಲಿ ದಾಟುತ್ತದೆ. ಮೇಲೆ ಒತ್ತಾಗಿದ್ದ ಮುದ್ದೆಗಳು ಕೆಳಗೆ ಬಂದಂತೆ ಉದ್ದುದ್ದ ಎಳೆಗಳಾಗುವುದೂ ಇದರಿಂದಲೇ. ಪಟ್ಟಿ ಜಾರಿಸುವ ಉಪಾಯದಿಂದ ಇದು ಸಾಧ್ಯವಿರಲಿಲ್ಲ. ಫೋನಿನ ಬ್ರೌಸರಿಗೂ ಆ ಫಿಲ್ಟರುಗಳು ಬಹಳ ಭಾರವಾಗಿದ್ದವು. ಮುಟ್ಟುವ ಪದರವನ್ನಷ್ಟೇ ಎಸ್‌ವಿಜಿಯಲ್ಲಿ ಉಳಿಸಿ, ನೀರನ್ನು ವೆಬ್‌ಜಿಎಲ್‌ಗೆ ಸಾಗಿಸಿದೆ.

ಪಿಕ್ಸೆಲ್ ಕೇಳಬೇಕಾದ ಪ್ರಶ್ನೆ

2011ರಲ್ಲಿ ಬಂದ ವೆಬ್‌ಜಿಎಲ್, ಬ್ರೌಸರಿನಿಂದ ನೇರವಾಗಿ ಗ್ರಾಫಿಕ್ಸ್ ಚಿಪ್ ಜೊತೆ ಮಾತಾಡಲು ಬಿಡುತ್ತದೆ. ಅದರಲ್ಲಿ ಫ್ರಾಗ್ಮೆಂಟ್ ಶೇಡರ್ ಎಂಬ ಸಣ್ಣ ಪ್ರೋಗ್ರಾಂ ಬರೆಯುತ್ತೇವೆ. ಪರದೆಯ ಪ್ರತಿ ಪಿಕ್ಸೆಲ್‌ಗೂ, ಪ್ರತಿ ಫ್ರೇಮಿನಲ್ಲೂ ಅದು ಓಡಿ, ಈ ಪಿಕ್ಸೆಲ್‌ನ ಬಣ್ಣ ಇದು ಎಂದು ಉತ್ತರಿಸುತ್ತದೆ. ಹೊಸಬರಿಗೆ ಕಷ್ಟವಾಗುವುದು ಇಲ್ಲಿಯೇ. ನೀರಿನ ಹನಿಯನ್ನು ಹಿಡಿದು ಕೆಳಗೆ ಒಯ್ಯಲು ಶೇಡರಿನಲ್ಲಿ ಬರುವುದಿಲ್ಲ, ಅಲ್ಲಿ ಹನಿಯೇ ಇಲ್ಲ. ಕೂತಲ್ಲೇ ಕೂತ ಪಿಕ್ಸೆಲ್ ಇದೆ, ಹೊತ್ತು ಎಷ್ಟಾಯಿತೆಂಬ ಅಂಕಿ ಇದೆ.

ಹಾಗಾಗಿ ಪ್ರಶ್ನೆಯನ್ನು ತಿರುಗಿಸಬೇಕು. ಈಗ ನನ್ನ ಮುಂದೆ ಹಾದುಹೋಗುತ್ತಿರುವ ನೀರು ನೆತ್ತಿಯನ್ನು ಬಿಟ್ಟದ್ದು ಎಷ್ಟು ಹೊತ್ತಿನ ಹಿಂದೆ? ಪಿಕ್ಸೆಲ್ ತನ್ನನ್ನು ಇದಷ್ಟೇ ಕೇಳಿಕೊಂಡರೆ ಸಾಕು. ನೆತ್ತಿಯಿಂದ ಪಿಕ್ಸೆಲ್ ಎಷ್ಟು ಕೆಳಗಿದೆ ಎಂದು ಗೊತ್ತು. ಆ ಆಳವನ್ನು ಎರಡರಿಂದ ಗುಣಿಸಿ 9.81ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಅಷ್ಟು ಇಳಿಯಲು ಹಿಡಿದ ಸಮಯ ಸಿಗುತ್ತದೆ. ಈಗಿನ ಸಮಯದಿಂದ ಅದನ್ನು ಕಳೆದರೆ ಹೊರಟ ಹೊತ್ತು. ಆ ಹೊತ್ತಿನಲ್ಲಿ ನೆತ್ತಿಯ ಮೇಲೆ ನೀರು ದಟ್ಟವಾಗಿತ್ತೋ ತೆಳುವಾಗಿತ್ತೋ ಎನ್ನುವುದನ್ನು 256×256ರ ಒಂದು ನಾಯ್ಸ್ ಚಿತ್ರದಿಂದ ಓದುತ್ತೇನೆ. ಅಷ್ಟೇ ಲೆಕ್ಕ. ವೇಗ ಹೆಚ್ಚುವುದು, ಎಳೆ ಉದ್ದವಾಗುವುದು ಇವನ್ನು ನಾನು ಬರೆಯಲೇ ಇಲ್ಲ. ಆ ವರ್ಗಮೂಲದಿಂದ ಅವು ತಾವಾಗಿ ಹೊರಬಂದವು. ಮೊದಲ ಸಲ ಅದು ಪರದೆಯ ಮೇಲೆ ಓಡಿದಾಗ ರಾತ್ರಿ ಹನ್ನೊಂದು ಗಂಟೆ. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಮಲಗಿದ್ದ ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಗಾಳಿಯನ್ನು ಮಾತ್ರ ಸೇರಿಸಬೇಕಿತ್ತು. ಗಾಳಿ ಇಲ್ಲದ ಲೆಕ್ಕದಲ್ಲಿ ತಳಕ್ಕೆ ಬರುವಾಗ ನೀರಿನ ವೇಗ ಸೆಕೆಂಡಿಗೆ 70 ಮೀಟರ್ ಆಗಿರುತ್ತದೆ. ನಿಜದ ನೀರು ಬೀಳುತ್ತಾ ಒಡೆಯುತ್ತದೆ, ಹನಿಯಾಗುತ್ತದೆ, ಗಾಳಿ ಅದನ್ನು ತಡೆಯುತ್ತದೆ. ದೊಡ್ಡ ಮಳೆಹನಿಯೂ ಸೆಕೆಂಡಿಗೆ ಸುಮಾರು 9 ಮೀಟರ್ ವೇಗ ದಾಟುವುದಿಲ್ಲ. ಧಾರೆಯ ಮುದ್ದೆಗಳು ಅದಕ್ಕಿಂತ ಬಹಳ ವೇಗ, ಆದರೂ 70 ಇಲ್ಲ. ಮೊದಲ 60 ಮೀಟರ್ ಮುಕ್ತವಾಗಿ ಬೀಳಲಿ, ಅಲ್ಲಿಂದ ಕೆಳಗೆ ಅಲ್ಲಿಗೆ ಮುಟ್ಟಿದ ವೇಗದಲ್ಲೇ, ಅಂದರೆ ಸೆಕೆಂಡಿಗೆ ಸುಮಾರು 34 ಮೀಟರಿನಂತೆ ಸಾಗಲಿ ಎಂದು ಇಟ್ಟೆ. ಒಟ್ಟು ಸುಮಾರು 9 ಸೆಕೆಂಡ್ ಆಯಿತು. ಇದು ವಿಜ್ಞಾನಿಗಳ ಅಳತೆಯಲ್ಲ. ವಿಡಿಯೊವನ್ನು ಪಕ್ಕದಲ್ಲಿಟ್ಟು, ಎರಡೂ ಒಂದೇ ಉಸಿರಿನಲ್ಲಿ ಬೀಳುವವರೆಗೆ ಹೊಂದಿಸಿದ್ದು.

ನಾಲ್ಕು ಧಾರೆ, ನಾಲ್ಕು ಸ್ವಭಾವ

ರಾಜನಿಗೆ ಈ ಲೆಕ್ಕ ಹೇಳಿ ಮಾಡಿಸಿದಂತಿತ್ತು. ಅವನು ಎಲ್ಲೂ ತಡೆಯಿಲ್ಲದೆ ಒಂದೇ ಏಟಿಗೆ ಬೀಳುವವನು. ರಾಕೆಟ್‌ಗೂ ಅದೇ ಲೆಕ್ಕ, ಆದರೆ ಅವನ ನೀರು ಬಾಣದಂತೆ ಸಿಡಿದು ಸಿಡಿದು ಬರುತ್ತದೆ. ನೆತ್ತಿಯ ನಾಯ್ಸ್ ಮೇಲೆ ಇನ್ನೊಂದು ನಿಧಾನದ ನಾಯ್ಸ್ ಹಾಕಿ, ಕೆಲವು ಹೊತ್ತು ದಟ್ಟ, ಕೆಲವು ಹೊತ್ತು ವಿರಳ ಮಾಡಿದೆ. ಹೊರಟ ಹೊತ್ತಿನ ಲೆಕ್ಕವೇ ಆದ್ದರಿಂದ ಆ ಸಿಡಿತಗಳು ಒಂದರ ಹಿಂದೊಂದು ತಾವಾಗಿಯೇ ಕೆಳಗಿಳಿದು ಹೋದವು.

ರೋರರ್ (ನಮ್ಮ ಕಡೆ ರೋವರ್ ಎನ್ನುವವರೇ ಹೆಚ್ಚು) ಮತ್ತು ರಾಣಿ ಬೇರೆ ಜಾತಿ. ರೋರರ್ ಬಂಡೆಯ ಇಳಿಜಾರಿನಲ್ಲಿ ಮೊರೆಯುತ್ತ ಓರೆಯಾಗಿ ನುಗ್ಗುತ್ತದೆ. ರಾಣಿ ಬಂಡೆಯ ಮೆಟ್ಟಿಲುಗಳ ಮೇಲೆ ಸೆರಗು ಹಾಸಿದಂತೆ ಹರಡಿ ಇಳಿಯುತ್ತಾಳೆ. ಇಲ್ಲಿ ನೀರು ಕೆಳಕ್ಕಷ್ಟೇ ಹೋಗುವುದಿಲ್ಲ, ಪ್ರತಿ ಬಂಡೆಯೂ ಅದಕ್ಕೆ ಒಂದು ದಿಕ್ಕು ಕೊಡುತ್ತದೆ. ಈ ಎರಡಕ್ಕೆ ಫ್ಲೋ ಮ್ಯಾಪ್, ಅಂದರೆ ಹರಿವಿನ ನಕ್ಷೆ ಬೇಕಾಯಿತು. ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಫೋಟೊದ ಮೇಲೆ ಒಂದು ಪದರ ಹಾಕಿ, ನೀರು ಹೋಗುವ ದಿಕ್ಕನ್ನು ಬಣ್ಣವಾಗಿ ಬಳಿದೆ: ಕೆಂಪಿನ ಪ್ರಮಾಣ ಅಡ್ಡ ದಿಕ್ಕಿಗೆ, ಹಸಿರಿನದು ಉದ್ದ ದಿಕ್ಕಿಗೆ, 128 ಅಂದರೆ ಚಲನೆ ಇಲ್ಲ. ರಾಣಿಯ ಒಂದೊಂದು ಕವಲಿಗೂ ಕುಂಚ ಹಿಡಿದು ಕೂತ ಆ ಎರಡು ಸಂಜೆಗಳಲ್ಲಿ, ಹುಟ್ಟಿದಾಗಿನಿಂದ ನೋಡಿದ ಜಲಪಾತವನ್ನು ನಾನು ಮೊದಲ ಬಾರಿಗೆ ಸರಿಯಾಗಿ ನೋಡಿದೆ.

ಫ್ಲೋ ಮ್ಯಾಪ್‌ನಲ್ಲಿ ಒಂದು ತೊಡಕಿದೆ. ಚಿತ್ರವನ್ನು ಆ ದಿಕ್ಕಿಗೆ ಎಳೆಯುತ್ತಾ ಹೋದರೆ ಕೆಲವೇ ಹೊತ್ತಿನಲ್ಲಿ ಅದು ರಬ್ಬರಿನಂತೆ ಜಗ್ಗಿ ಹಾಳಾಗುತ್ತದೆ. ಮತ್ತೆ ಮೊದಲಿನಿಂದ ಶುರು ಮಾಡಬೇಕು, ಆಗ ಹಾರಿದ್ದು ಕಾಣುತ್ತದೆ. 2010ರಲ್ಲಿ ವಿಡಿಯೊ ಗೇಮ್ ಮಾಡುವ ವಾಲ್ವ್ ಕಂಪನಿಯ ಅಲೆಕ್ಸ್ ವ್ಲಾಕೋಸ್ ಅವರು ಸಿಗ್ರಾಫ್ ಎಂಬ ಗ್ರಾಫಿಕ್ಸ್ ಸಮ್ಮೇಳನದಲ್ಲಿ ವಿವರಿಸಿದ ಉಪಾಯ ಇದಕ್ಕೆ ಮದ್ದು. ಒಂದೇ ಹರಿವಿನ ಎರಡು ಪ್ರತಿಗಳನ್ನು ಅರ್ಧ ಸುತ್ತಿನ ಅಂತರದಲ್ಲಿ ಓಡಿಸುವುದು. ಒಂದು ಪ್ರತಿ ಮೊದಲಿಗೆ ಹಾರುವ ಕ್ಷಣದಲ್ಲಿ ಅದು ಪೂರ್ತಿ ಮರೆಯಾಗಿರುತ್ತದೆ, ಇನ್ನೊಂದು ಪೂರ್ತಿ ಕಾಣುತ್ತಿರುತ್ತದೆ. ಹಾಗೇ ಬರೆದೆ. ಹಾರುವುದು ನಿಂತಿತು, ಆದರೆ ರಾಣಿ ಇಡಿಯಾಗಿ ಎದೆ ಬಡಿದುಕೊಂಡಂತೆ ಮಿಡಿಯತೊಡಗಿದಳು. ಎಲ್ಲ ಪಿಕ್ಸೆಲ್‌ಗಳೂ ಒಂದೇ ಕ್ಷಣದಲ್ಲಿ ಪ್ರತಿ ಬದಲಿಸುತ್ತಿದ್ದದ್ದು ಕಾರಣ. ಜಾಗಜಾಗಕ್ಕೆ ನಾಯ್ಸ್‌ನಿಂದ ಆ ಕ್ಷಣವನ್ನು ಸ್ವಲ್ಪ ಹಿಂದು ಮುಂದು ಮಾಡಿದ ಮೇಲೆ ಮಿಡಿತ ಚದುರಿಹೋಯಿತು.

ಗಡಿಯಾರದ ತಪ್ಪುಗಳು

ಶಾಲೆಗೆ ಕಳಿಸಿದ ಮೊದಲ ವಾರವೇ ಒಬ್ಬ ಹುಡುಗನ ಮನೆಯಿಂದ ದೂರು ಬಂತು. ಅಪ್ಪನ ಹೊಸ ಫೋನಿನಲ್ಲಿ ನೀರು ಎರಡು ಪಟ್ಟು ಜೋರಾಗಿ ಬೀಳುತ್ತದೆ ಎಂದು. ನಾನು ಪ್ರತಿ ಫ್ರೇಮಿಗೆ ಸಮಯವನ್ನು ಒಂದು ನಿಗದಿತ ಹೆಜ್ಜೆ ಮುಂದೆ ಹಾಕುತ್ತಿದ್ದೆ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಅದು ಸರಿ. ಆ ಫೋನಿನ ಪರದೆ 120ರದ್ದು. ಅಷ್ಟು ಕಷ್ಟಪಟ್ಟು ಕಟ್ಟಿದ ಒಂಬತ್ತು ಸೆಕೆಂಡ್ ಅಲ್ಲಿ ನಾಲ್ಕೂವರೆಯಾಗಿತ್ತು. ಮುಂದಿನ ಫ್ರೇಮ್ ಬರೆಯಲು ಬ್ರೌಸರ್ ಕರೆಯುವ ರಿಕ್ವೆಸ್ಟ್ ಆನಿಮೇಶನ್ ಫ್ರೇಮ್ ಪ್ರತಿ ಸಲವೂ ಆಗಿನ ಸಮಯವನ್ನು ಮಿಲಿಸೆಕೆಂಡಿನಲ್ಲಿ ಕೈಗೆ ಕೊಡುತ್ತದೆ. ಹಿಂದಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನೇ ಕೂಡಿಸಬೇಕು. ಇದು ಮೊದಲ ಪಾಠದಲ್ಲೇ ಬರುವ ಮಾತು, ಗೊತ್ತಿದ್ದೂ ಅವಸರದಲ್ಲಿ ಬಿಟ್ಟಿದ್ದೆ. ಜೊತೆಗೆ ಆ ವ್ಯತ್ಯಾಸಕ್ಕೆ 50 ಮಿಲಿಸೆಕೆಂಡಿನ ಮಿತಿ ಹಾಕಿದೆ. ಇಲ್ಲದಿದ್ದರೆ ಬೇರೆ ಟ್ಯಾಬ್‌ಗೆ ಹೋಗಿ ಐದು ನಿಮಿಷ ಬಿಟ್ಟು ಬಂದಾಗ ನೀರು ಐದು ನಿಮಿಷ ಮುಂದಕ್ಕೆ ಜಿಗಿಯುತ್ತದೆ.

ಎರಡನೆಯ ತಪ್ಪು ನನಗೆ ನಿಜವಾಗಿ ಹೊಸದು. ಚಿಕ್ಕಮ್ಮ ಹೇಳಿದ ರೀತಿಯಲ್ಲೇ ಹೇಳುತ್ತೇನೆ: "ಬೋರ್ಡ್ ಹಾಕಿದ ಕೂಡ್ಲೇ ಚೆನ್ನಾಗಿರ್ತದೆ. ನಾನು ಹಾಜರಿ ಕೂಗಿ ಮುಗಿಸೋ ಹೊತ್ತಿಗೆ ನೀರು ತೊದಲ್ಲಿಕ್ಕೆ ಶುರು ಮಾಡ್ತದೆ."

ನನ್ನ ಲ್ಯಾಪ್‌ಟಾಪಿನಲ್ಲಿ ಅರ್ಧ ಗಂಟೆ ಬಿಟ್ಟರೂ ತೊದಲಲಿಲ್ಲ. ನನ್ನ ಫೋನಿನಲ್ಲಿ ಬಿಟ್ಟು ನೋಡಿದೆ. ನಾಲ್ಕು ನಿಮಿಷ ಕಳೆದದ್ದೇ ನೀರು ಇಳಿಯುವ ಬದಲು ಸೆಕೆಂಡಿಗೆ ನಾಲ್ಕು ಸಲ ಕುಪ್ಪಳಿಸತೊಡಗಿತು. ಹುಡುಕಿದಾಗ ಸಿಕ್ಕಿದ್ದು ಶೇಡರಿನ ಮೊದಲ ಸಾಲು. ಅಂಕಿಗಳ ನಿಖರತೆ ಎಷ್ಟು ಬೇಕೆಂದು ಅಲ್ಲಿ ಹೇಳಬೇಕು. ನಾನು ಎಲ್ಲೆಡೆ ಕಾಣುವ ಮಾದರಿಯಂತೆ ಮೀಡಿಯಂಪಿ, ಅಂದರೆ ಮಧ್ಯಮ ನಿಖರತೆ, ಎಂದು ಬರೆದಿದ್ದೆ. ಕಂಪ್ಯೂಟರಿನ ಚಿಪ್‌ಗಳು ಅದನ್ನು ಲೆಕ್ಕಿಸದೆ 32 ಬಿಟ್ ಕೊಡುತ್ತವೆ. ಹಲವು ಫೋನುಗಳ ಚಿಪ್‌ಗಳು ನಿಜವಾಗಿಯೂ 16 ಬಿಟ್ ಮಾತ್ರ ಕೊಡುತ್ತವೆ. 16 ಬಿಟ್‌ನಲ್ಲಿ ಅಂಕಿ ದೊಡ್ಡದಾದಂತೆ ಅದರ ನಡುವಿನ ಸಂದು ಅಗಲವಾಗುತ್ತದೆ. 256 ದಾಟಿದರೆ ಪಕ್ಕದ ಅಂಕಿ 256.25, ನಡುವೆ ಏನೂ ಇಲ್ಲ. ಪುಟ ತೆರೆದು 256 ಸೆಕೆಂಡ್, ಅಂದರೆ ನಾಲ್ಕು ನಿಮಿಷ ಚಿಲ್ಲರೆ ಆದ ಮೇಲೆ ಶೇಡರಿನ ಗಡಿಯಾರ ಕಾಲು ಸೆಕೆಂಡಿಗೊಮ್ಮೆ ಮಾತ್ರ ಚಲಿಸುತ್ತದೆ. ಸೆಕೆಂಡಿಗೆ 34 ಮೀಟರ್ ವೇಗದ ನೀರು ಅಷ್ಟರಲ್ಲಿ ಎಂಟೂವರೆ ಮೀಟರ್ ಹಾರುತ್ತದೆ. ಒಂದು ತರಗತಿಯ ಹಾಜರಿಗೆ ಅಷ್ಟೇ ಹೊತ್ತು.

ಪರಿಹಾರ ಎರಡು ಕಡೆ ಮಾಡಿದೆ. ಚಿಪ್ ಒಪ್ಪಿದರೆ ಹೈಪಿ, ಅಂದರೆ ಹೆಚ್ಚಿನ ನಿಖರತೆ, ಬಳಸುವುದು ಒಂದು. ಒಪ್ಪದಿದ್ದರೂ ನಡೆಯಬೇಕಲ್ಲ, ಅದಕ್ಕೆ ಇನ್ನೊಂದು. ನನ್ನ ನಾಯ್ಸ್ ಚಿತ್ರ 16 ಸೆಕೆಂಡಿಗೊಮ್ಮೆ ಮೊದಲಿನಿಂದ ಮರಳುತ್ತದೆ. ಆದ್ದರಿಂದ ಸಮಯವನ್ನು 16ರಿಂದ ಭಾಗಿಸಿ ಉಳಿದ ಶೇಷವನ್ನಷ್ಟೇ ಶೇಡರಿಗೆ ಕೊಟ್ಟರೆ ಸಾಕು. ಆ ಭಾಗಾಕಾರವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಬೇಕು, ಅಲ್ಲಿ 64 ಬಿಟ್ ಇರುತ್ತದೆ. ಈಗ ಶೇಡರ್ ನೋಡುವ ಅಂಕಿ ಎಂದೂ 16 ದಾಟದು, ಅಷ್ಟರೊಳಗಿನ ಸಂದು ಅತಿ ಹೆಚ್ಚೆಂದರೆ ಸೆಕೆಂಡಿನ 128ರಲ್ಲಿ ಒಂದು ಪಾಲು. ಕಣ್ಣಿಗೆ ಕಾಣದು.

ಪಿಕ್ಸೆಲ್‌ಗಳ ಭಾರ ಇಳಿಸುವುದು ಇದರ ಮುಂದೆ ಸುಲಭವಿತ್ತು. ಫೋನಿನಲ್ಲಿ ಚಿತ್ರದ ಅಳತೆ 360×240, ಆದರೆ ಪರದೆಯ ಸಾಂದ್ರತೆ ಮೂರು ಪಟ್ಟು ಇದ್ದರೆ ಶೇಡರ್ 7,77,600 ಪಿಕ್ಸೆಲ್‌ಗೆ ಓಡುತ್ತದೆ. ಒಂದೂವರೆ ಪಟ್ಟಿಗೆ ಮಿತಿ ಹಾಕಿದರೆ 1,94,400, ಸರಿಯಾಗಿ ಕಾಲು ಭಾಗ. ಹರಿಯುವ ನೀರಿನಲ್ಲಿ ಆ ವ್ಯತ್ಯಾಸ ಯಾರಿಗೂ ಕಾಣಲಿಲ್ಲ. ಮಂಜಿನ ಪದರವನ್ನು ಇನ್ನೂ ಕಡಿಮೆಯಲ್ಲಿ ಬರೆದು ಹಿಗ್ಗಿಸಿದೆ, ಮಂಜಿಗೆ ಅಂಚೇ ಇಲ್ಲವಲ್ಲ. ಸ್ಮಾರ್ಟ್‌ಬೋರ್ಡಿಗೂ ಒಂದು ಗರಿಷ್ಠ ಅಗಲ ಕಟ್ಟಿದೆ. ಚಿತ್ರ ಪರದೆಯಿಂದ ಸರಿದುಹೋದರೆ ಇಡೀ ಲೆಕ್ಕ ನಿಲ್ಲುತ್ತದೆ.

ಮುಟ್ಟಿದ ಮೇಲೆ

ಒಂಬತ್ತು ಸೆಕೆಂಡ್ ಮಕ್ಕಳಿಗೆ ಬಹಳ. ಮುಟ್ಟಿದ ಧಾರೆ ನೆತ್ತಿಯಿಂದ ಹೊರಟು ತಳ ಮುಟ್ಟುವವರೆಗೆ ಕಾಯದೆ, ಕೆಲಸ ಮಾಡಲಿಲ್ಲವೆಂದು ಮತ್ತೆ ಮತ್ತೆ ಒತ್ತುತ್ತಿದ್ದರಂತೆ. ವೇಗ ಹೆಚ್ಚಿಸುವ ಆಸೆಯಾಯಿತು, ಮಾಡಲಿಲ್ಲ. ಬದಲಿಗೆ ಬೆರಳು ತಾಗಿದ ಹತ್ತನೇ ಒಂದು ಸೆಕೆಂಡಿನೊಳಗೆ ಧಾರೆಯ ಹೆಸರು ಮೂಡುವಂತೆ, ನೆತ್ತಿಯ ಅಂಚು ಬೆಳಗುವಂತೆ ಮಾಡಿದೆ. ಚಿತ್ರ ನನ್ನ ಮಾತು ಕೇಳಿಸಿಕೊಂಡಿತು ಎಂದು ಗೊತ್ತಾದರೆ ಮಗು ಕಾಯುತ್ತದೆ. ನೀರು ತನ್ನ ಹೊತ್ತಿನಲ್ಲಿ ಇಳಿಯಲಿ.

ಮತ್ತೆ ಮುಟ್ಟಿದರೆ ಧಾರೆ ನಿಲ್ಲಬೇಕು. ಮೊದಲು ತಟಕ್ಕನೆ ಮಾಯ ಮಾಡಿದ್ದೆ. ಈಗ ನೆತ್ತಿಯಲ್ಲಿ ಮಾತ್ರ ನಿಲ್ಲುತ್ತದೆ, ಆಗಲೇ ಹೊರಟ ನೀರು ಪೂರ್ತಿ ಬಿದ್ದು ಮುಗಿಯುತ್ತದೆ. ಹೊರಟ ಹೊತ್ತಿನ ಲೆಕ್ಕ ಕೈಯಲ್ಲಿದ್ದದ್ದರಿಂದ ಇದಕ್ಕೆ ಒಂದೇ ಸಾಲು ಬೇಕಾಯಿತು. ಮಕ್ಕಳಿಗೆ ಶುರುವಿಗಿಂತ ಈ ಕೊನೆಯ ಬಾಲ ಇಳಿಯುವುದೇ ಹೆಚ್ಚು ಇಷ್ಟವಂತೆ.

ಮಳೆಗಾಲದ ಚಿತ್ರಕ್ಕೆ ಮಿಂಚನ್ನೂ ಹಾಕಿದ್ದೆ, ತೆಗೆದೆ. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ಪರದೆ ಕೆಲವರಲ್ಲಿ ಅಪಸ್ಮಾರದ ಸೆಳೆತ ತರಬಹುದು. ಮಿಂಚನ್ನು ಲೆಕ್ಕವಿಟ್ಟು ಮಿನುಗಿಸಬಹುದಿತ್ತು, ಆದರೆ ತರಗತಿಯಲ್ಲಿ ಯಾರಿಗೆ ಏನಿದೆ ಎಂದು ಯಾರು ಬಲ್ಲರು. ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಚಲಿಸುವುದಕ್ಕೆ ನಿಲ್ಲಿಸುವ ಬಟನ್ ಬೇಕು ಎನ್ನುವುದು ವೆಬ್ ಸುಲಭಲಭ್ಯತೆಯ ನಿಯಮ, ಅದನ್ನೂ ಇಟ್ಟೆ. ಫೋನಿನಲ್ಲಿ ಚಲನೆ ಕಡಿಮೆ ಮಾಡು ಎಂಬ ಆಯ್ಕೆ ಹಾಕಿಕೊಂಡವರಿಗೆ ನೀರು ಬೀಳುವುದಿಲ್ಲ, ತುಂಬಿದ ಧಾರೆಯ ನಿಂತ ಚಿತ್ರ ಮೆಲ್ಲಗೆ ಮೂಡುತ್ತದೆ. ಹೆಸರುಗಳನ್ನು ಚಿತ್ರದೊಳಗೆ ಬರೆಯದೆ ಸಾಮಾನ್ಯ ಕನ್ನಡ ಪಠ್ಯವಾಗಿಯೇ ಇಟ್ಟೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಓದಬೇಕು, ಬೇಕಾದವರು ಹಿಗ್ಗಿಸಿಕೊಳ್ಳಬೇಕು.

ಬೇಸಿಗೆಯ ಕಡ್ಡಿ

"ಬೇಸಿಗೆದ್ದೂ ಹಾಕೇ. ಬರೀ ಮಳೆಗಾಲದ್ದು ತೋರಿಸಿದ್ರೆ ಸುಳ್ಳು ಹೇಳಿದ ಹಾಗಾಗ್ತದೆ" ಅಂದರು ಚಿಕ್ಕಮ್ಮ. ಅವರ ಪಾಠ ಇದ್ದದ್ದೇ ಅಲ್ಲಿ. ಜೋಗದಿಂದ ಸುಮಾರು 6 ಕಿ.ಮೀ. ಮೇಲೆ ಶರಾವತಿಗೆ ಅಡ್ಡ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಅಲ್ಲಿಂದ ನೀರು ತಳಕಳಲೆ ಜಲಾಶಯಕ್ಕೆ, ಅಲ್ಲಿಂದ ಕೊಳವೆಗಳಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಹಾಗಾಗಿ ಇವತ್ತು ನಾವು ಕಾಣುವ ಜೋಗ, ಮಳೆಯೂ ಅಣೆಕಟ್ಟೂ ಸೇರಿ ಬಿಟ್ಟಷ್ಟು ಜೋಗ.

ಚಿತ್ರದ ಕೆಳಗೆ ಒಂದು ಸ್ಲೈಡರ್ ಇಟ್ಟೆ. ಒಂದು ತುದಿ ಬೇಸಿಗೆ, ಇನ್ನೊಂದು ಆಗಸ್ಟ್. ಮೊದಲಿಗೆ ನೀರಿನ ಪದರವನ್ನು ಪಾರದರ್ಶಕ ಮಾಡುತ್ತಾ ಬಂದೆ. ಧಾರೆಗಳು ಅಗಲ ಹಾಗೇ ಉಳಿಸಿಕೊಂಡು ದೆವ್ವದ ಹಾಗೆ ಮಸುಕಾದವು. ನೀರು ಕಡಿಮೆಯಾಗುವಾಗ ಮಸುಕಾಗುವುದಿಲ್ಲ, ಸಣ್ಣಗಾಗುತ್ತದೆ. ಅಂಚಿನಿಂದ ಒಣಗುತ್ತಾ ನಡುವಿಗೆ ಬರುತ್ತದೆ. ಪ್ರತಿ ಧಾರೆಗೂ ನಡುವೆ ಬಿಳಿ, ಅಂಚಿಗೆ ಕಪ್ಪಾಗುವ ಮಾಸ್ಕ್, ಅಂದರೆ ನೀರು ಎಲ್ಲಿ ಕಾಣಬೇಕೆಂದು ಹೇಳುವ ಚಿತ್ರ, ಬರೆದು, ಸ್ಲೈಡರ್ ಹೇಳಿದ ಮಟ್ಟಕ್ಕಿಂತ ಕಪ್ಪಗಿರುವ ಜಾಗದಲ್ಲಿ ನೀರು ಇಲ್ಲ ಎಂದೆ. ಅಂಚು ಕತ್ತರಿಸಿದಂತೆ ಕಾಣದಿರಲು ನಾಯ್ಸ್ ಬೆರೆಸಿದೆ. ಈಗ ಸ್ಲೈಡರನ್ನು ಬೇಸಿಗೆಗೆ ಎಳೆದರೆ ರಾಣಿಯ ಸೆರಗು ಎಳೆಎಳೆಯಾಗಿ ಬಿಚ್ಚಿ, ಬಂಡೆ ಕಾಣಿಸಿ, ಕೊನೆಗೆ ಒಂದೆರಡು ನೂಲು ಉಳಿಯುತ್ತದೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಬೇಸಿಗೆಯಲ್ಲಿ ಜೋಗಕ್ಕೆ ಹೋದಾಗಲೆಲ್ಲ ಆಗುವ ಸಂಕಟ ಅದೇ.

ತರಗತಿಯಲ್ಲಿ

ಮಕ್ಕಳು ಹೆಸರು ಕಲಿತರು. ಅದರ ಜೊತೆ ಇನ್ನೊಂದು ನಡೆಯಿತು. ರಾಜನನ್ನು ಮುಟ್ಟಿದ ಕೂಡಲೇ ಇಡೀ ತರಗತಿ ಒಂದು, ಎರಡು, ಮೂರು ಎಂದು ಕೂಗುತ್ತಾ ಎಣಿಸತೊಡಗಿತಂತೆ. ಪಕ್ಕದ ಕೋಣೆಯ ವಿಜ್ಞಾನದ ಮೇಷ್ಟ್ರು ಗಲಾಟೆ ಕೇಳಿ ಬಂದವರು, ಅದನ್ನೇ ಹಿಡಿದು ಬೀಳುವ ವಸ್ತುವಿನ ಸೂತ್ರ ಬರೆಸಿದರಂತೆ. ಲೆಕ್ಕ ಮಾಡಿದ ಒಬ್ಬಳು ಹುಡುಗಿ ಎದ್ದು ನಿಂತು, ಸೂತ್ರದಲ್ಲಿ ಏಳು ಬರುತ್ತದೆ, ಚಿತ್ರದಲ್ಲಿ ಒಂಬತ್ತು ಆಗುತ್ತದೆ, ಯಾವುದು ತಪ್ಪು ಎಂದು ಕೇಳಿದಳು.

ಚಿಕ್ಕಮ್ಮ ಸಂಜೆ ಫೋನ್ ಮಾಡಿ ಆ ಪ್ರಶ್ನೆಯನ್ನು ನನಗೆ ದಾಟಿಸಿದರು. ಗಾಳಿಯ ವಿಷಯ ಹೇಳಿದೆ. ಆ ವಾರಾಂತ್ಯ ಚಿತ್ರಕ್ಕೆ ಒಂದು ಬಟನ್ ಸೇರಿಸಿದೆ: ಗಾಳಿ ಇಲ್ಲದ ಜೋಗ. ಒತ್ತಿದರೆ ರಾಜ ಕೊನೆಯವರೆಗೂ ವೇಗ ಹಿಡಿಯುತ್ತಲೇ ಹೋಗಿ 7.18 ಸೆಕೆಂಡಿಗೆ ತಳ ಮುಟ್ಟುತ್ತಾನೆ, ಮಂಜು ಏಳುವುದಿಲ್ಲ. ಆ ಹುಡುಗಿ ಎರಡನ್ನೂ ಹತ್ತಾರು ಸಲ ಬೀಳಿಸಿ ನೋಡಿ, ಗಾಳಿ ಇರುವುದೇ ಚೆಂದ ಎಂದಳಂತೆ.

ರಾಣಿ ಇನ್ನೂ ಸರಿಬಂದಿಲ್ಲ. "ಅವಳು ಅವಸರ ಮಾಡ್ತಾಳೆ" ಎನ್ನುತ್ತಾರೆ ಚಿಕ್ಕಮ್ಮ, ಮತ್ತು ಈ ವಿಷಯದಲ್ಲಿ ಅವರ ಕಣ್ಣನ್ನು ನಾನು ನನ್ನ ಲೆಕ್ಕಕ್ಕಿಂತ ಹೆಚ್ಚು ನಂಬುತ್ತೇನೆ. ಬಂಡೆಯ ಮೇಲೆ ಜಾರುವ ನೀರಿನ ವೇಗಕ್ಕೆ ನನ್ನ ಬಳಿ ಸೂತ್ರವಿಲ್ಲ, ಕುಂಚದಿಂದ ಬಳಿದ ಅಂದಾಜಿದೆ. ಮಳೆ ಹಿಡಿದ ಮೇಲೆ ಊರಿಗೆ ಹೋಗಿ, ರಾಣಿ ಧಾರೆಯ ಎದುರಿಗೇ ಟ್ರೈಪಾಡ್ ಇಟ್ಟು, ಮಂಜು ಬಿಟ್ಟಷ್ಟು ಹೊತ್ತು ವಿಡಿಯೊ ತೆಗೆಯಬೇಕು. ಕೊಡೆ ಹಿಡಿಯಲು ಚಿಕ್ಕಮ್ಮ ಬರುತ್ತೇನೆಂದಿದ್ದಾರೆ.